ಲಡ್ಲೋಗೆ ಕಾರಾ, ರೈಲಾ? ಎರಡೂ ಆಯ್ತು

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ರೈಲಿಗೆ. ಕಾರಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಮೈಸೂರಲ್ಲಿ ನನ್ನ ಜೊತೆ ಓದಿದ ಗೆಳೆಯನ ಸಂಸಾರ ಈಗ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ಲಡ್ಲೋ ಅನ್ನೋ ಪುಟ್ಟ ಊರಿಂದ ಆರೇಳು ಮೈಲಿ ಒಳಗಿರೋ ಹಳ್ಳಿಯಲ್ಲಿದೆ. ಅಲ್ಲಿಗೆ ನಾನು, ನನ್ನ ಹೆಂಡತಿ, ಅಮ್ಮ, ಮಗಳು 2023ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಬಾಡಿಗೆ ಕಾರಲ್ಲಿ ಹೋದ್ವಿ, 2025ರಲ್ಲಿ ರೈಲಲ್ಲಿ.

ಕಾರು ಓಡಿಸೋಕೆ ಹೆದರಿಕೆ ಇರಲಿಲ್ಲ. ಅಲ್ಲೂ ಎಡಗಡೆಯೇ ಓಡಿಸೋದು, ಪ್ರವಾಸಕ್ಕೆ ಹೋದವರಿಗೆ ನಮ್ಮ ಲೈಸೆನ್ಸ್ 12 ತಿಂಗಳವರೆಗೆ ನಡೆಯುತ್ತೆ. ಎಡವಟ್ಟಾಗಿದ್ದು ಕೌಂಟರಿನಲ್ಲಿ.

ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದಿದ್ದೀವಿ. ಬಾಡಿಗೆ ದುಡ್ಡು ಮುಂಚೆಯೇ ಕಟ್ಟಿಯಾಗಿದೆ. ಕೌಂಟರಿನ ಹುಡುಗ ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೇಳಿದ. ಹೊರದೇಶದ ಖರ್ಚಿಗೆ ಮುಂಚೆಯೇ ದುಡ್ಡು ತುಂಬಿಸಿಟ್ಟಿದ್ದ ಫಾರೆಕ್ಸ್ ಕಾರ್ಡ್ ಕೊಟ್ಟೆ, ಪ್ರೀಪೇಯ್ಡ್ ನಡೆಯಲ್ಲ ಅಂದ. ನನ್ನ ಕ್ರೆಡಿಟ್ ಕಾರ್ಡ್ ಕೊಟ್ಟೆ, ಡಿಕ್ಲೈನ್. ಹೊರದೇಶದ ಬಳಕೆಯನ್ನ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು; 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ನನ್ನ ಹೆಂಡತಿ ಹೊರಡೋ ಮುಂಚೆಯೇ ತನ್ನದನ್ನ ಆನ್ ಮಾಡಿಕೊಂಡಿದ್ದಳು. ಆದರೆ ಕಾರ್ಡ್ ಮೇಲಿನ ಹೆಸರು, ಡ್ರೈವರ್ ಹೆಸರು ಒಂದೇ ಇರಬೇಕಂತೆ. ಅವಳ ಲೈಸೆನ್ಸ್ ಮನೆಯ ಬೀರುವಲ್ಲಿ.

ಸರಿ, ಆನ್ ಮಾಡೋಣ ಅಂತ ಆ್ಯಪ್ ತೆರೆದರೆ, ಫೋನಲ್ಲಿ ನಮ್ಮೂರ ಸಿಮ್ ಇಲ್ಲ ಅಂತ ಹೊರಗೇ ನಿಲ್ಲಿಸಿತು. ಇಳಿದ ತಕ್ಷಣ ಜಾಣನ ಹಾಗೆ ಅಲ್ಲಿನ ಸಿಮ್ ಹಾಕಿಕೊಂಡಿದ್ದೆ. ಹಳೇದನ್ನ ಕಳೆದುಹೋಗದಿರಲಿ ಅಂತ ಅಮ್ಮನ ಕೈಗೆ ಕೊಟ್ಟಿದ್ದೆ. ಅಮ್ಮ ಅದನ್ನ ಕಾಗದದಲ್ಲಿ ಸುತ್ತಿ ಕುಂಕುಮದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನ ಸೂಟ್‌ಕೇಸಿನ ತಳ ಸೇರಿಸಿದ್ದರು. ನೆಲದ ಮೇಲೆ ಸೀರೆ, ಚಕ್ಕುಲಿ, ಗೆಳೆಯನಿಗೆ ತಂದ ಮೆಂತ್ಯದ ಹಿಟ್ಟು ಎಲ್ಲಾ ಹರಡಿಕೊಂಡು ಹುಡುಕಿದ್ವಿ. ಹಿಂದೆ ಕ್ಯೂ ಬೆಳೀತಾ ಇತ್ತು. "ರೀ, ಟ್ಯಾಕ್ಸಿ ಮಾಡ್ಕೊಂಡು ಹೋಗಿಬಿಡೋಣ" ಅಂತ ಇವಳು. ಕೆಂಪಗಾಗಿದ್ದ ಸಿಮ್ ಸಿಕ್ಕಿತು, ಓಟಿಪಿ ಬಂತು, ಬಳಕೆ ಆನ್ ಆಯ್ತು, ಮತ್ತೆ ಡಿಕ್ಲೈನ್. ಹೊರದೇಶಕ್ಕೆ ಮಿತಿ ಬೇರೆ ಇರುತ್ತಂತೆ, ಅದನ್ನೂ ಏರಿಸಬೇಕಂತೆ. ಒಂದೂವರೆ ಗಂಟೆ ಹೀಗೇ ಹೋಯ್ತು. ತಡೆಹಿಡಿದ ಡೆಪಾಸಿಟ್ ವಾಪಸ್ ಬಿಡುಗಡೆಯಾಗಿದ್ದು ನಾವು ಬೆಂಗಳೂರು ಸೇರಿದ ಮೇಲೆ.

ಆಟೋಮ್ಯಾಟಿಕ್ ಬೇಕಂದ್ರೆ ಬಾಡಿಗೆ ಜಾಸ್ತಿ. ಮಗಳನ್ನ ಎತ್ತರಕ್ಕೆ ಕೂರಿಸೋ ಬೂಸ್ಟರ್ ಸೀಟಿಗೂ ಬೇರೆ ದುಡ್ಡು.

ಹೆದ್ದಾರಿಯ ಬಗ್ಗೆ ದೂರಿಲ್ಲ. ಕೊನೆಯ ಆರು ಮೈಲಿಯದ್ದೇ ಕಷ್ಟ. ಎರಡೂ ಕಡೆ ಆಳೆತ್ತರದ ಬೇಲಿ, ಮಧ್ಯೆ ಒಂದೇ ಗಾಡಿಯ ಜಾಗ. ಟ್ರ್ಯಾಕ್ಟರ್ ಎದುರಾದರೆ ಪಕ್ಕಕ್ಕೆ ಸರಿಯೋ ಜಾಗದವರೆಗೆ ರಿವರ್ಸ್ ಹೋಗಬೇಕು. ಅಲ್ಲಿ ಕಾನೂನಿನ ಮಿತಿ ಗಂಟೆಗೆ 60 ಮೈಲಿಯಂತೆ! ನಾನು 20 ದಾಟಲಿಲ್ಲ. "ರಸ್ತೆಗೆ ಹೊಂಡ ಇಲ್ಲ, ಅಗಲವೂ ಇಲ್ಲ" ಅಂದರು ಅಮ್ಮ.

ರೈಲಿನದು ಇಷ್ಟು ಉದ್ದದ ಕಥೆಯಲ್ಲ. ಹೀಥ್ರೂದಿಂದ ಎಲಿಜಬೆತ್ ಲೈನ್ ಅನ್ನೋ ರೈಲಿನಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್, ಅಲ್ಲಿಂದ ನ್ಯೂಪೋರ್ಟ್, ಅಲ್ಲಿ ಗಾಡಿ ಬದಲಿಸಿ ಹೆರೆಫರ್ಡ್ ಮೇಲೆ ಲಡ್ಲೋ. ದಾರಿಯಲ್ಲಿ ಲಿಯೋಮಿನ್‌ಸ್ಟರ್ ಅಂತ ಓದೋ ಹಾಗೆ ಬರೆದಿರೋ ಒಂದು ಸ್ಟೇಷನ್, ಕರೆಯೋದು ಲೆಮ್‌ಸ್ಟರ್. ಮಗಳಿಗೆ ಇಡೀ ಪ್ರವಾಸಕ್ಕೆ ಅದೇ ತಮಾಷೆ. ಅಮ್ಮನಿಗೆ ಬೋಗಿಯಲ್ಲೇ ಟಾಯ್ಲೆಟ್ ಇದ್ದದ್ದು ದೊಡ್ಡ ನೆಮ್ಮದಿ. ಪುಳಿಯೋಗರೆ ಡಬ್ಬಿ ಬಿಚ್ಚಿದರೆ ಯಾರೂ ಮೂಗು ಮುರಿಯಲಿಲ್ಲ. ನಾನು ಹೆರೆಫರ್ಡ್‌ವರೆಗೆ ಗೊರಕೆ.

35 ಪೌಂಡಿನ ಫ್ಯಾಮಿಲಿ ರೈಲ್‌ಕಾರ್ಡ್ ತಗೊಂಡ್ರೆ ದೊಡ್ಡವರ ಟಿಕೆಟಿನಲ್ಲಿ ಮೂರನೇ ಒಂದು ಭಾಗ, ಮಕ್ಕಳದ್ದರಲ್ಲಿ 60% ಕಡಿಮೆ. 5ರಿಂದ 15 ವರ್ಷದ ಒಂದು ಮಗುವಾದರೂ ಜೊತೆಗಿರಬೇಕು. ಅಗ್ಗದ ಅಡ್ವಾನ್ಸ್ ಟಿಕೆಟ್ ಆಸೆಗೆ ಬೀಳಬೇಡಿ. ಅದು ಆ ಒಂದೇ ರೈಲಿಗೆ. ಇಮಿಗ್ರೇಷನ್ ಕ್ಯೂ ಉದ್ದವಾದರೆ ದುಡ್ಡು ನೀರಲ್ಲಿ ಹೋಮ. ಜನಜಂಗುಳಿಯ ಹೊತ್ತು ಬಿಟ್ಟು ಬೇರೆ ರೈಲಿಗೂ ನಡೆಯೋ ಆಫ್‌ಪೀಕ್ ಟಿಕೆಟ್ ತಗೊಂಡ್ವಿ, ಸ್ವಲ್ಪ ಜಾಸ್ತಿಯಾಯ್ತು. ಲೆಕ್ಕ ಹಾಕಿದರೆ ಪೆಟ್ರೋಲ್, ವಿಮೆ ಸೇರಿ ಕಾರಿಗೆ ಆಗಿದ್ದಕ್ಕಿಂತ ಕಡಿಮೆಯೇ.

ಅಲ್ಲಿ ಹೋದಮೇಲೆ ಸುತ್ತಾಡೋಕೆ? ಲಡ್ಲೋದಿಂದ ಒಂದೇ ಸ್ಟೇಷನ್ ಆಚೆ ಕ್ರೇವನ್ ಆರ್ಮ್ಸ್, ಅಲ್ಲಿಂದ ನಡೆದು ಸ್ಟೋಕ್‌ಸೇ ಕೋಟೆಮನೆ ನೋಡಿದ್ವಿ. 13ನೇ ಶತಮಾನದ ಕೊನೆಗೆ ಉಣ್ಣೆ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ವೇಲ್ಸಿನ ಎಲಾನ್ ಕಣಿವೆಯ ಅಣೆಕಟ್ಟುಗಳಿಗೆ ಮಾತ್ರ ಗೆಳೆಯನ ಕಾರೇ ಗತಿ.

ನಿಜ, ಗೆಳೆಯ ಸ್ಟೇಷನ್ನಿಗೆ ಬಂದದ್ದರಿಂದಲೇ ರೈಲು ನಮಗೆ ಹೊಂದಿತು. ಕರೆದೊಯ್ಯೋಕೆ ಯಾರೂ ಇಲ್ಲದಿದ್ದರೆ, ಕೈಗೂಸು ಇದ್ದರೆ, ಕಾರು ತಗೊಳ್ಳಿ. ಸಿಮ್ ಮಾತ್ರ ನಿಮ್ಮ ಪರ್ಸಿನಲ್ಲೇ ಇರಲಿ. ಗೆಳೆಯನ ಕಾರಿನ ಡಿಕ್ಕಿಯಲ್ಲಿ ಎರಡೇ ಸೂಟ್‌ಕೇಸ್ ಹಿಡಿದವು. ಮೂರನೇದನ್ನ ಆರು ಮೈಲಿ ನಾನೇ ತೊಡೆ ಮೇಲಿಟ್ಟುಕೊಂಡು ಹೋದೆ. "ಲೋ, ಇದರಲ್ಲೇನು ಗುಂಡುಕಲ್ಲು ತಂದಿದ್ದೀಯಾ?" ಅಂದ. ಅವನು ಕೇಳಿದ್ದ ಮೆಂತ್ಯದ ಹಿಟ್ಟೇ ಮೂರು ಕೆಜಿ ಇತ್ತು.