ತಂಗಿ ಮಾರಿದ ಸೀರೆ, ನನ್ನ ಪ್ಯಾನ್‌ಗೆ ಬಂದ ನೋಟಿಸ್

ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಸಾಮಾನು ಮಾರೋಕೆ ಸೆಲ್ಲರ್ ಅಕೌಂಟ್ ತೆರೆಯಬೇಕು, ನಿಮ್ಮ ಪ್ಯಾನ್ ನಂಬರ್ ಕೊಡಿ ಅಂತ ಯಾರೇ ಕೇಳಿದರೂ ಕೊಡಬೇಡಿ. ಅಕ್ಕ, ತಂಗಿ, ಭಾವ, ಹೆಂಡತಿ, ಯಾರೇ ಆಗಲಿ. ನಾನು ಕೊಟ್ಟೆ. ಒಂದು ರೂಪಾಯಿ ಲಾಭ ನೋಡದೆ 20 ಸಾವಿರ ಕೈಯಿಂದ ಕಟ್ಟಿದೆ.

2023ರ ದಸರಾ ಹೊತ್ತು. ತಂಗಿ ಬಾಗಲಕೋಟೆಯಲ್ಲಿದ್ದಾಳೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ತಂದು ಓಣಿಯವರಿಗೆ, ಪರಿಚಯದವರಿಗೆ ಮಾರುತ್ತಿದ್ದಳು. ಆ ವರ್ಷ ಅಕ್ಟೋಬರ್ 1ರಿಂದ ಜಿಎಸ್‌ಟಿಯಲ್ಲಿ ಒಂದು ಸಡಿಲಿಕೆ ಬಂದಿತ್ತು. ಅಲ್ಲಿಯವರೆಗೆ ಆನ್‌ಲೈನ್ ತಾಣದಲ್ಲಿ ಒಂದೇ ಒಂದು ಸೀರೆ ಮಾರಬೇಕಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯ. ಆಮೇಲೆ, ವರ್ಷದ ವಹಿವಾಟು 40 ಲಕ್ಷದೊಳಗಿದ್ದು ನಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಕೊಟ್ಟು ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡರೆ ಸಾಕು. ತಂಗಿಗೆ ಇದು ಯಾರೋ ಹೇಳಿದ್ದಾರೆ. ಕೂತಲ್ಲಿ ಕೂರದಷ್ಟು ಹುರುಪು.

ತೊಡಕು ಎಲ್ಲಿ ಬಂತೆಂದರೆ ಅವಳ ಪ್ಯಾನ್ ನಿಷ್ಕ್ರಿಯವಾಗಿತ್ತು. ಆಧಾರ್ ಜೋಡಿಸಿರಲಿಲ್ಲ. ಆ ಜುಲೈ 1ರಿಂದ ಜೋಡಿಸದ ಪ್ಯಾನ್‌ಗಳೆಲ್ಲ ನಿಷ್ಕ್ರಿಯ ಆಗಿದ್ದವಲ್ಲ, ಅದರಲ್ಲಿ ಇವಳದ್ದೂ ಒಂದು. 1,000 ರೂಪಾಯಿ ದಂಡ ಕಟ್ಟಿ ಜೋಡಿಸಿದರೂ ಮತ್ತೆ ಚಾಲೂ ಆಗಲು 30 ದಿನದವರೆಗೆ ಕಾಯಬೇಕು. ಅಷ್ಟರಲ್ಲಿ ದೀಪಾವಳಿಯೇ ಮುಗಿದಿರುತ್ತದೆ. ಫೋನ್ ಮಾಡಿದಳು.

“ಅಣ್ಣಾ, ಬರೀ ಪ್ಯಾನ್ ನಂಬರ್ ಕೊಡು. ಉಳಿದದ್ದು ಎಲ್ಲಾ ನಾ ಮಾಡ್ಕೋತೀನಿ.”

ಕೊಟ್ಟೆ. ಬ್ಯಾಂಕ್ ಖಾತೆಯ ಹೆಸರೂ ಪ್ಯಾನ್ ಹೆಸರೂ ಒಂದೇ ಇರಬೇಕು ಅಂದಿತು ತಾಣ. ಸರಿ, ನನ್ನ ಉಳಿತಾಯ ಖಾತೆಯನ್ನೂ ಕೊಟ್ಟೆ. ಅಲ್ಲಿಂದ ವಾರಕ್ಕೊಮ್ಮೆ ನನ್ನ ಖಾತೆಗೆ ದುಡ್ಡು ಬರುವುದು, ನಾನು ಅದನ್ನು ಅವತ್ತೇ ಯುಪಿಐನಲ್ಲಿ ತಂಗಿಗೆ ದಾಟಿಸುವುದು. ನಡುವೆ ನಿಂತ ಪೋಸ್ಟ್‌ಮ್ಯಾನ್ ಅಷ್ಟೇ ನಾನು ಅಂದುಕೊಂಡಿದ್ದೆ.

ವ್ಯಾಪಾರ ಚೆನ್ನಾಗೇ ಆಯಿತು. ಮಾರ್ಚ್‌ಗೆ ವರ್ಷ ಮುಗಿಯುವಾಗ ಒಟ್ಟು ಮಾರಾಟ 6,12,400 ರೂಪಾಯಿ. ಈ ಅಂಕಿ ಆಗ ನನಗೂ ಗೊತ್ತಿರಲಿಲ್ಲ, ತಂಗಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಖಾತೆಗೆ ಬಿದ್ದ ಹಣ ಮಾತ್ರ. ಅದು ಇದಕ್ಕಿಂತ ಎಷ್ಟೋ ಕಮ್ಮಿ.

ನಾನು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ವರ್ಷಕ್ಕೆ 11,40,000 ಸಂಬಳ. ಮನೆ ಸಾಲವಿದೆ, ಎಲ್‌ಐಸಿ, ಪಿಎಫ್ ಇದೆ, ಹಾಗಾಗಿ ಇವಕ್ಕೆಲ್ಲ ವಿನಾಯಿತಿ ಕೊಡುವ ಹಳೆಯ ತೆರಿಗೆ ಪದ್ಧತಿಯೇ ನನಗೆ ಅನುಕೂಲ. 2024ರ ಜುಲೈನಲ್ಲಿ ಪ್ರತಿವರ್ಷದಂತೆ ನಾನೇ ಕೂತು ಐಟಿಆರ್-1, ಅಂದರೆ ಸಂಬಳದವರ ಆದಾಯ ತೆರಿಗೆ ರಿಟರ್ನ್ ತುಂಬಿದೆ. ಎಲ್ಲಾ ಮೊದಲೇ ತುಂಬಿಕೊಂಡು ಬಂದಿತ್ತು. ಕೊನೆಯಲ್ಲಿ 6,120 ರೂಪಾಯಿ ರೀಫಂಡ್ ಅಂತ ತೋರಿಸಿತು. ಕಾಲೇಜಿನ ಅಕೌಂಟ್ಸ್‌ನವರು ಒಂದಿಷ್ಟು ಜಾಸ್ತಿ ಹಿಡಿದಿರಬೇಕು ಅಂದುಕೊಂಡು ಖುಷಿಯಾಗಿ ಸಬ್ಮಿಟ್ ಒತ್ತಿದೆ. ಬಂದದ್ದು ಯಾಕೆ ಅಂತ ಒಂದು ನಿಮಿಷ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಡಿಸೆಂಬರ್ ಮೊದಲ ವಾರ ಆದಾಯ ತೆರಿಗೆ ಇಲಾಖೆಯ ಇಮೇಲ್ ಬಂತು. 139(9) ನೋಟಿಸ್. ನಿಮ್ಮ ರಿಟರ್ನ್ ದೋಷಪೂರಿತವಾಗಿದೆ, 15 ದಿನದಲ್ಲಿ ಸರಿಪಡಿಸಿ. ಕಾರಣ ಏನೆಂದರೆ, ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದ ತೆರಿಗೆ) ವಾಪಸ್ ಕೇಳಿದ್ದೀರಿ, ಆದರೆ ಆ ಟಿಡಿಎಸ್ ಯಾವ ವರಮಾನದ ಮೇಲೆ ಹಿಡಿದದ್ದೋ ಅದನ್ನು ತೋರಿಸಿಲ್ಲ.

ಪೋರ್ಟಲ್‌ಗೆ ಹೋಗಿ, ನನ್ನ ಪ್ಯಾನ್ ಮೇಲೆ ಯಾರ್ಯಾರು ತೆರಿಗೆ ಹಿಡಿದಿದ್ದಾರೆ ಅಂತ ತೋರಿಸುವ 26ಎಎಸ್ ಪಟ್ಟಿ ತೆಗೆದೆ. ಕಾಲೇಜಿನ ಹೆಸರಿನ ಕೆಳಗೆ ಆ ಮಾರಾಟ ತಾಣದ ಹೆಸರು. ಸೆಕ್ಷನ್ ಕಾಲಂನಲ್ಲಿ 194ಓ. ಮೊತ್ತ 6,12,400. ಹಿಡಿದ ತೆರಿಗೆ 6,124. ನನ್ನ ರೀಫಂಡ್‌ನ ಮೂಲ ಅಲ್ಲಿತ್ತು.

194ಓ ಅನ್ನುವುದು 2020ರ ಅಕ್ಟೋಬರ್ 1ರಿಂದ ಇರುವ ನಿಯಮ. ಆನ್‌ಲೈನ್ ತಾಣಗಳು ತಮ್ಮ ಮೂಲಕ ಮಾರುವವರ ಹಣದಲ್ಲಿ ಇಷ್ಟು ಟಿಡಿಎಸ್ ಹಿಡಿದು, ಪ್ಯಾನ್ ಸಮೇತ ಇಲಾಖೆಗೆ ವರದಿ ಮಾಡಬೇಕು. ಆಗ ಶೇಕಡಾ 1 ಇತ್ತು. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷದ ಮಾರಾಟದವರೆಗೆ ವಿನಾಯಿತಿ ಇದೆ. ನಮ್ಮದು ದಾಟಿತ್ತು. ಏನೂ ಕೊಡದಿದ್ದರೆ ಶೇಕಡಾ 5.

ಇಲ್ಲಿ ಕಣ್ಣಿಟ್ಟು ನೋಡಬೇಕಾದ್ದು ‘ಒಟ್ಟು ಮಾರಾಟ’ ಅನ್ನುವ ಮಾತು. ತಾಣದ ಕಮಿಷನ್, ಕೊರಿಯರ್ ಖರ್ಚು, ಯಾವುದನ್ನೂ ಕಳೆಯುವುದಿಲ್ಲ. ಗಿರಾಕಿ ಕೊಟ್ಟ ಪೂರಾ ಬೆಲೆ ನಿಮ್ಮ ಹೆಸರಲ್ಲಿ ಬರೆಯಲಾಗುತ್ತದೆ. ವಾಪಸ್ ಬಂದ ಸೀರೆಗಳದ್ದು ಇನ್ನೊಂದು ಕತೆ. ಹಿಡಿದ ಟಿಡಿಎಸ್ಸನ್ನು ತಾಣದವರು ಅದೇ ಆರ್ಥಿಕ ವರ್ಷದ ಮುಂದಿನ ಮಾರಾಟದಲ್ಲಿ ಹೊಂದಿಸಬಹುದು. 2024ರ ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ಮಾರ್ಚ್ ಕೊನೆಯಲ್ಲಿ ಹಬ್ಬಕ್ಕೆಂದು ತರಿಸಿಕೊಂಡು, ಏಪ್ರಿಲ್‌ನಲ್ಲಿ ‘ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ’ ಎಂದು ವಾಪಸ್ ಕಳಿಸಿದ ಸೀರೆಗಳು ಮಾರಾಟವಾದವೆಂದೇ ಹಳೆಯ ವರ್ಷದಲ್ಲಿ ಉಳಿದುಬಿಟ್ಟವು. ಸೀರೆ ತಂಗಿಯ ಬೀರುವಿನಲ್ಲಿ, ಲೆಕ್ಕ ನನ್ನ ಪ್ಯಾನ್‌ನಲ್ಲಿ.

ಆಡಿಟರ್ ಹತ್ತಿರ ಓಡಿದೆ. ವ್ಯಾಪಾರ ನನ್ನದಲ್ಲ, ತಂಗಿಯದ್ದು, ಹಾಗಂತಲೇ ಬರೆದುಕೊಟ್ಟರೆ ಆಗಲ್ವಾ ಅಂದೆ. ಎಐಎಸ್‌ನಲ್ಲಿ, ಅಂದರೆ ಇಲಾಖೆಯ ಬಳಿ ಇರುವ ನಮ್ಮ ವಹಿವಾಟುಗಳ ಪಟ್ಟಿಯಲ್ಲಿ, ‘ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು’ ಅಂತ ಒತ್ತುವ ಆಯ್ಕೆ ಇರುವುದನ್ನು ನಾನು ಆಗಲೇ ನೋಡಿಟ್ಟಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸೆಲ್ಲರ್ ಅಕೌಂಟ್ ಯಾರ ಹೆಸರಲ್ಲಿದೆ ಮೇಷ್ಟ್ರೇ?”

“ನನ್ನ ಹೆಸರಲ್ಲಿ.”

“ಜಿಎಸ್‌ಟಿ ಎನ್‌ರೋಲ್‌ಮೆಂಟ್?”

“ನಂದೇ.”

“ದುಡ್ಡು ಬಿದ್ದ ಬ್ಯಾಂಕ್ ಖಾತೆ?”

ನಾನು ಸುಮ್ಮನಾದೆ.

ಸರಿ, ವ್ಯಾಪಾರದ ವರಮಾನ ಅಂತಲೇ ತೋರಿಸೋಣ ಎಂದರು. ಸಣ್ಣ ವ್ಯಾಪಾರಿಗಳಿಗೆಂದು ಇರುವ 44ಎಡಿ ಸೆಕ್ಷನ್ನಿನಲ್ಲಿ, ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇಕಡಾ 6ನ್ನು ಲಾಭ ಅಂತ ತೋರಿಸಬಹುದು. 36,744 ರೂಪಾಯಿ. ಇಷ್ಟೇನಾ ಅಂತ ನನಗೆ ನಿರಾಳವಾಯಿತು. ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ, ಹಿಡಿದ ಟಿಡಿಎಸ್ ಎಲ್ಲಾ ಕಳೆದು ಇನ್ನು 1,518 ರೂಪಾಯಿ ಕಟ್ಟಿದರೆ ಮುಗಿಯುತ್ತಿತ್ತು.

ಮುಗಿಯಲಿಲ್ಲ. ವ್ಯಾಪಾರದ ವರಮಾನ ಬಂದ ಕೂಡಲೇ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-4 ಹಾಕಬೇಕು. ಬರೀ ಸಂಬಳದವರು ಹಳೆಯ ಪದ್ಧತಿ ಬೇಕಾದರೆ ರಿಟರ್ನ್‌ನಲ್ಲೇ ಟಿಕ್ ಹಾಕಬಹುದು. ವ್ಯಾಪಾರದ ವರಮಾನ ಇದ್ದವರು ಹಾಗಲ್ಲ. ಅವರು ರಿಟರ್ನ್‌ನ ಕೊನೆಯ ದಿನದೊಳಗೆ 10-ಐಇಎ ಅನ್ನುವ ಬೇರೆ ಫಾರಂ ಹಾಕಿರಬೇಕು. ನಮಗೆ ಕೊನೆಯ ದಿನ 2024ರ ಜುಲೈ 31. ನಾವು ಕೂತಿದ್ದದ್ದು ಡಿಸೆಂಬರ್‌ನಲ್ಲಿ. ಫಾರಂ ಇಲ್ಲ, ಹಾಗಾಗಿ ಹೊಸ ಪದ್ಧತಿ. ಮನೆ ಸಾಲದ ಬಡ್ಡಿ 2 ಲಕ್ಷ, ಎಲ್‌ಐಸಿ, ಪಿಎಫ್‌ನಂಥ 80ಸಿಯ ಒಂದೂವರೆ ಲಕ್ಷ, ಆರೋಗ್ಯ ವಿಮೆಯ 25 ಸಾವಿರ, ಎಲ್ಲಾ ವಿನಾಯಿತಿ ಹೋಯಿತು. ಕಟ್ಟಬೇಕಾದ್ದು 1,518 ಇದ್ದದ್ದು 18,327ಕ್ಕೆ ಏರಿತು. ಬಡ್ಡಿ ಸೇರಿ 20 ಸಾವಿರ ದಾಟಿತು. ಆಡಿಟರ್ ಫೀಸ್ ಬೇರೆ.

ನೋಟಿಸ್‌ಗೆ ಉತ್ತರಿಸದೆ ಬಿಟ್ಟರೆ ಏನಾಗುತ್ತೆ ಅಂತಲೂ ಕೇಳಿದೆ, ನಾಚಿಕೆ ಬಿಟ್ಟು. ರಿಟರ್ನೇ ಹಾಕಿಲ್ಲ ಎಂದು ಲೆಕ್ಕಕ್ಕೆ ತಗೊಳ್ಳಬಹುದು ಅಂದರು. ಕಟ್ಟಿದೆ. ನನ್ನ ಜಾಗದಲ್ಲಿ ಸರ್ಕಾರಿ ನೌಕರರು ಇದ್ದಿದ್ದರೆ ಪೇಚು ಇನ್ನೂ ದೊಡ್ಡದು, ಅನುಮತಿ ಇಲ್ಲದೆ ವ್ಯಾಪಾರ ಮಾಡಿದ್ದಕ್ಕೆ ಇಲಾಖೆಗೂ ಉತ್ತರ ಕೊಡಬೇಕಾಗುತ್ತಿತ್ತು.

ಈಗ ಟಿಡಿಎಸ್ ದರ ಕಮ್ಮಿಯಾಗಿದೆ. 2024ರ ಅಕ್ಟೋಬರ್ 1ರಿಂದ ಶೇಕಡಾ 1 ಹೋಗಿ 0.1 ಬಂದಿದೆ. ಇದು ಒಳ್ಳೆಯದೇ, ಆದರೆ ನನ್ನಂಥವರು ಇನ್ನೂ ಸುಲಭವಾಗಿ ಬೀಳುತ್ತಾರೆ. 6 ಲಕ್ಷಕ್ಕೆ 600 ರೂಪಾಯಿ ಹಿಡಿದರೆ ಯಾರ ಕಣ್ಣಿಗೆ ಬೀಳುತ್ತೆ? 26ಎಎಸ್‌ನಲ್ಲಿ ಪಕ್ಕದ ಕಾಲಂನ ಆ 6 ಲಕ್ಷ ಮಾತ್ರ ಹಾಗೇ ಇರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್‌ಗಳೂ ಬೇರೆ. 194ಓ ಕಾಣದಿದ್ದರೆ ನಿಯಮವೇ ಹೋಯಿತು ಅಂದುಕೊಳ್ಳಬೇಡಿ.

ಇದನ್ನು ಓದಿ ಮನೆಯ ಹಳೆಯ ಸೋಫಾ ಮಾರಲೂ ಹೆದರಬೇಕಿಲ್ಲ. ಸ್ವಂತ ಬಳಕೆಯ ಬಟ್ಟೆ, ಪೀಠೋಪಕರಣ, ಮಿಕ್ಸಿ, ಫ್ರಿಜ್ ಬಂಡವಾಳ ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ, ಮಾರಿದರೆ ತೆರಿಗೆ ಇಲ್ಲ. ಒಡವೆ, ಚಿತ್ರಕಲೆ, ಶಿಲ್ಪ ಇಂಥವಕ್ಕೆ ಈ ವಿನಾಯಿತಿ ಇಲ್ಲ. ಮಾರಲೆಂದೇ ತಂದು ಮಾರುವುದು ಬೇರೆ, ಅದು ವ್ಯಾಪಾರ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಬಂದಾಗ ಸುಮಾರು ಜನ ನನಗೆ ಫೋನ್ ಮಾಡಿ ‘ನಿಮ್ಮದೂ ಇದೇನಾ’ ಅಂದರು. ಅಲ್ಲ. ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಜಿಎಸ್‌ಟಿ ನೋಟಿಸ್, ನನ್ನದು ಆದಾಯ ತೆರಿಗೆ. ಎರಡು ಬೇರೆ ಬೇರೆ ಬಾಗಿಲು.

ಈಗಾಗಲೇ ಪ್ಯಾನ್ ಕೊಟ್ಟುಬಿಟ್ಟಿದ್ದರೆ, ರಿಟರ್ನ್ ತುಂಬುವ ಮೊದಲು 26ಎಎಸ್, ಎಐಎಸ್ ಎರಡನ್ನೂ ತೆರೆದು ಮೇಲಿಂದ ಕೆಳಗಿನವರೆಗೆ ಓದಿ. ಕಾಣದ ಊರಿನ ರೀಫಂಡ್ ಬಂದರೆ ಜಾಸ್ತಿ ಎಚ್ಚರವಾಗಿರಿ. ಹಳೆಯ ಪದ್ಧತಿಯವರು 10-ಐಇಎಯನ್ನು ಕೊನೆಯ ದಿನಕ್ಕೆ ಮುಂಚೆ ಹಾಕಿ. ನಾನು ಮರುವರ್ಷ ಹಾಕಿದೆ, ಯಾಕೆಂದರೆ ನೋಟಿಸ್ ಬರುವ ಹೊತ್ತಿಗೆ ಆ ವರ್ಷದ್ದೂ ಎಂಟು ತಿಂಗಳ ಮಾರಾಟ ನನ್ನ ಪ್ಯಾನ್‌ನಲ್ಲೇ ಆಗಿಹೋಗಿತ್ತು.

ತಂಗಿ ಆಮೇಲೆ ಅದೇ 1,000 ರೂಪಾಯಿ ಕಟ್ಟಿ ತನ್ನ ಪ್ಯಾನ್ ಜೋಡಿಸಿಕೊಂಡಳು. ಅವಳ ಹೆಸರಲ್ಲಿ ಹೊಸ ಅಕೌಂಟ್ ಆಯಿತು. ಹಳೆಯದರ 4.3 ಸ್ಟಾರ್, ನೂರಾರು ರಿವ್ಯೂ, ಯಾವುದನ್ನೂ ಅದಕ್ಕೆ ದಾಟಿಸಲು ಬರುವುದಿಲ್ಲ ಅಂದರು ತಾಣದವರು. ಸೊನ್ನೆಯಿಂದ ಶುರು. ನನ್ನ 20 ಸಾವಿರ ಕೊಡಲು ಬಂದವಳಿಗೆ ಬೇಡ ಅಂದೆ. ನನ್ನ ಹೆಂಡತಿಗೆ ಒಂದು ಇಳಕಲ್ ಸೀರೆ ಕೊಟ್ಟು ಹೋದಳು. ಯುಗಾದಿಯಲ್ಲಿ ವಾಪಸ್ ಬಂದದ್ದರಲ್ಲೇ ಒಂದು. ಬಣ್ಣ ಚೆನ್ನಾಗೇ ಇದೆ.