ವುಝೆನ್, ಶೀತಾಂಗ್, ನಾನ್‌ಶುನ್: ಕಾಲುವೆ ಊರಲ್ಲಿ ಒಂದು ಬೆಳಗ್ಗೆ ಕಳೆಯಬೇಕಾದರೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಾನ್‌ಶುನ್‌ಗೆ. ಚೀನಾದ ಶಾಂಘೈ ಸುತ್ತಮುತ್ತ ಕಾಲುವೆಗಳ ದಡದಲ್ಲಿ ಬೆಳೆದ ಹಳೇ ಊರುಗಳು ಬೇಕಾದಷ್ಟಿವೆ, ಈ ಮೂರೂ ಅಂಥವೇ. ಕಲ್ಲಿನ ಕಮಾನು ಸೇತುವೆ, ಬಿಳಿ ಗೋಡೆ, ಕಪ್ಪು ಹೆಂಚು, ದೋಣಿ ಎಲ್ಲ ಕಡೆಯೂ ಸಿಗುತ್ತವೆ. ಅದರ ಬಗ್ಗೆ ಬರೆದು ನಿಮ್ಮ ಟೈಮ್ ತಿನ್ನುವುದಿಲ್ಲ. ನನಗೆ ಬೇಕಿದ್ದದ್ದು ಒಂದೇ: ಬೆಳಗ್ಗೆ ಆರಕ್ಕೆ ಬೀದಿಗೆ ಇಳಿದರೆ ಆ ಊರಿನವರೇ ಕಾಣಬೇಕು. ಸೊಪ್ಪು ತೊಳೆಯುವವರು, ಮಕ್ಕಳನ್ನು ಸ್ಕೂಲಿಗೆ ಬಿಡುವವರು, ಟೀ ಕುಡಿಯುತ್ತಾ ಹರಟುವವರು. ಇಲ್ಲಿ ಕೆಲಸ ಮಾಡುತ್ತಾ ವಾರಾಂತ್ಯಗಳಲ್ಲಿ ಸುತ್ತಿದವನ ಲೆಕ್ಕ ಇದು.

ವುಝೆನ್‌ನಲ್ಲಿ ದುಡ್ಡು ಜಾಸ್ತಿ ಖರ್ಚಾಯಿತು. ಊರು ಎರಡು ಭಾಗ. ಪೂರ್ವದ ತೋಂಗ್‌ಝಾಗೆ 110 ಯುವಾನ್, ಪಶ್ಚಿಮದ ಶೀಝಾಗೆ 150, ಎರಡೂ ಸೇರಿದರೆ 190. ಶೀಝಾದಲ್ಲಿದ್ದ ಜನರನ್ನು ಬೇರೆ ಕಡೆ ಕಳಿಸಿ, ಮನೆಗಳನ್ನು ರಿಪೇರಿ ಮಾಡಿ, ಪೈಪು ವೈರುಗಳನ್ನೆಲ್ಲ ನೆಲದಡಿ ಹೂತು, 2007ರಲ್ಲಿ ಪ್ರವಾಸಿಗರಿಗೆ ತೆರೆದರು. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಶೌಚಾಲಯ ಫಳಫಳ, ರಾತ್ರಿ ದೀಪ ಬಲು ಚೆಂದ. 2014ರಿಂದ ವಿಶ್ವ ಇಂಟರ್ನೆಟ್ ಸಮ್ಮೇಳನ ಬೇರೆ ಇಲ್ಲೇ ನಡೆಯುತ್ತದೆ. ಆದರೆ ಇಡೀ ಬೀದಿ ಓಡಾಡಿದರೂ ಒಣಹಾಕಿದ ಒಂದು ಬನಿಯನ್ ಕಣ್ಣಿಗೆ ಬೀಳಲಿಲ್ಲ. ಜನ ವಾಸ ಮಾಡುವ ಊರಲ್ಲಿ ಬಟ್ಟೆ ಒಣಗುವುದಿಲ್ಲವಾ? ತೋಂಗ್‌ಝಾ ಕಡೆ ಬಟ್ಟೆಯನ್ನು ನೀಲಿ ಬಣ್ಣಕ್ಕೆ ಅದ್ದುವ ಅಂಗಳವಿದೆ, ಹಿಂದಿನ ಓಣಿಗಳಲ್ಲಿ ವಯಸ್ಸಾದವರು ಇನ್ನೂ ಇದ್ದಾರೆ. ಅದು ಪರವಾಗಿಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಮಾತ್ರ ವುಝೆನ್‌ಗೇ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಬೇಕಾದ್ದು ಸಮತಟ್ಟು ನೆಲ, ಕೂರಲು ಬೆಂಚು, ಒಳ್ಳೆಯ ಫೋಟೋ.

ಶೀತಾಂಗ್ ಮೇಲೆ ನನಗೆ ಮೊದಲು ಆಸೆ ಇತ್ತು. ಇಲ್ಲಿ ಕಾಲುವೆ ಉದ್ದಕ್ಕೂ ಚಾವಣಿ ಹಾಕಿದ ಓಡಾಟದ ದಾರಿ ಇದೆ, ಒಟ್ಟು ಒಂದು ಕಿಲೋಮೀಟರಿಗೂ ಜಾಸ್ತಿ. ಮಲೆನಾಡಿನ ಮನೆಗಳ ಜಗಲಿಯನ್ನು ಒಂದಕ್ಕೊಂದು ಅಂಟಿಸಿ ನೀರಿನ ಪಕ್ಕ ಇಟ್ಟ ಹಾಗೆ. ಜೂನ್ ಮಧ್ಯದಿಂದ ಈ ಕಡೆ ವಾರಗಟ್ಟಲೆ ಜಿಟಿಜಿಟಿ ಮಳೆ. ಆಗ ಕೊಡೆ ಇಲ್ಲದೆ ಸುಮ್ನೆ ಅಡ್ಡಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನನ್ನ ತಕರಾರು ರೂಮಿನದು. ಆ್ಯಪಿನಲ್ಲಿ ಬುಕ್ ಮಾಡಿ, ದುಡ್ಡು ಕಟ್ಟಿ, ಮಳೆಯಲ್ಲಿ ನೆನೆದುಕೊಂಡು ಹೋಗಿ ನಿಂತರೆ ಗೆಸ್ಟ್‌ಹೌಸಿನ ಯಜಮಾನಿ ನನ್ನ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಚೀನಾದಲ್ಲಿ ರಾತ್ರಿ ಎಲ್ಲೇ ತಂಗಿದರೂ ವಿದೇಶಿಯರ ಹೆಸರು ಪೊಲೀಸ್ ದಾಖಲೆಗೆ ಹೋಗಬೇಕು. ಹೋಟೆಲ್ ಆದರೆ ಅವರೇ ಹಾಕುತ್ತಾರೆ. ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನಾವೇ ಪೊಲೀಸರಲ್ಲಿ ಬರೆಸಬೇಕು. ಇಲ್ಲಿನವರ ಗುರುತಿನ ಚೀಟಿಯನ್ನು ಮೆಷಿನ್ ಮೇಲೆ ಇಟ್ಟರೆ ಟಕ್ ಅಂತ ಓದಿಕೊಳ್ಳುತ್ತದೆ. ಪಾಸ್‌ಪೋರ್ಟಿನ ವಿವರವನ್ನು ಒಂದೊಂದೇ ಅಕ್ಷರ ಟೈಪ್ ಮಾಡಬೇಕು. ಆ ಅಮ್ಮನಿಗೆ ಇಂಗ್ಲಿಷ್ ಅಕ್ಷರ ಹುಡುಕುವುದೇ ಕಷ್ಟ.

ಆದರೂ ಪಾಪ, ಕೂತು ಟೈಪ್ ಮಾಡಿದರು. ಆಮೇಲೆ ಶುರುವಾಯಿತು ನೋಡಿ, ನಮ್ಮ ಕಡೆಯವರಿಗೇ ಅಂತ ಇರುವ ಸಮಸ್ಯೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ಅಪ್ಪನ ಹೆಸರು, ನನ್ನ ಹೆಸರು ಎಲ್ಲವೂ ಒಂದೇ ಸಾಲಲ್ಲಿ ರೈಲು ಬೋಗಿಗಳಂತೆ ನಿಂತಿವೆ. ಫಾರಂ ಕೇಳುವುದೇ ಸರ್‌ನೇಮ್. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಚುಕ್ಕಿ ಇಟ್ಟರೂ ಹೋಗುವುದಿಲ್ಲ. ಅಪ್ಪನ ಹೆಸರು ಹಾಕಿ ಅಂದೆ. ‘ಪಾಸ್‌ಪೋರ್ಟಿನಲ್ಲಿ ಹಾಗಿಲ್ಲವಲ್ಲ, ಆಮೇಲೆ ನನಗೆ ದಂಡ ಬೀಳುತ್ತದೆ’ ಅಂತ ಫೋನಿನ ಅನುವಾದದಲ್ಲಿ ತೋರಿಸಿದರು. ಅವರ ಮಗನಿಗೆ ವಿಡಿಯೋ ಕಾಲ್ ಹೋಯಿತು, ಪಕ್ಕದ ಗೆಸ್ಟ್‌ಹೌಸಿನವರು ಬಂದರು, ನನಗೆ ಬಿಸಿನೀರು ಕೊಟ್ಟರು, ಕಡಲೇಕಾಯಿ ಕೊಟ್ಟರು. ಕೊನೆಗೆ ದುಡ್ಡೂ ವಾಪಸ್ ಕೊಟ್ಟರು. ರೂಮ್ ಮಾತ್ರ ಕೊಡಲಿಲ್ಲ. ಮಳೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹಳೇ ಊರಿನ ಗೇಟಿನ ಆಚೆ ಹೆದ್ದಾರಿ ಪಕ್ಕದ ದೊಡ್ಡ ಹೋಟೆಲಿಗೆ ಹೋದೆ. ಬೆಲೆ ದುಪ್ಪಟ್ಟು, ಕಿಟಕಿಯಲ್ಲಿ ಪಾರ್ಕಿಂಗ್ ಜಾಗ.

2024ರಲ್ಲಿ ಚೀನಾ ಸರ್ಕಾರ ವಿದೇಶಿಯರನ್ನು ಹೀಗೆ ವಾಪಸ್ ಕಳಿಸಬಾರದು ಎಂದು ಹೋಟೆಲಿನವರಿಗೆ ಹೇಳಿದೆ. ಸರಿ, ಆದರೆ ಕಂಪ್ಯೂಟರಿನ ಖಾಲಿ ಜಾಗಕ್ಕೆ ಅದು ಗೊತ್ತಾಗಬೇಕಲ್ಲ. ಈಗ ನಾನು ಬುಕ್ ಮಾಡುವ ಮೊದಲೇ ಪಾಸ್‌ಪೋರ್ಟ್ ಪುಟದ ಫೋಟೋ ಕಳಿಸಿ, ‘ಭಾರತದ ಪಾಸ್‌ಪೋರ್ಟ್, ಸರ್‌ನೇಮ್ ಇಲ್ಲ, ನೋಂದಣಿ ಆಗುತ್ತದಾ?’ ಅಂತ ಕೇಳುತ್ತೇನೆ. ‘ಆಗುತ್ತದೆ’ ಅಂದವರಿಗಷ್ಟೇ ದುಡ್ಡು. ಹಿಂದೆ ಇಂಥ ಅತಿಥಿಯನ್ನು ಇಟ್ಟುಕೊಂಡವರಿಗೆ ಯಾವ ಜಾಗದಲ್ಲಿ ಏನು ಹಾಕಬೇಕೆಂದು ಗೊತ್ತಿರುತ್ತದೆ.

ಇನ್ನು ಶೀತಾಂಗ್‌ನ ರಾತ್ರಿ. ಕಾಲುವೆ ಪಕ್ಕ ಬಾರ್ ಸಾಲು ಇದೆ, ತಡರಾತ್ರಿವರೆಗೂ ಸ್ಪೀಕರ್ ಬಡಿಯುತ್ತದೆ. ಕುಡಿಯುವವರಿಗೆ ಮಜಾ. ನಾನು ಒಂಬತ್ತೂವರೆಗೆ ಮಲಗುವವನು.

ನಾನ್‌ಶುನ್‌ಗೆ ಬರೋಣ. ಹೂಝೌ ನಗರಕ್ಕೆ ಸೇರಿದ ರೇಷ್ಮೆ ವ್ಯಾಪಾರಿಗಳ ಊರು. ಪಕ್ಕದ ಹಳ್ಳಿಯ ಜಿಲಿ ರೇಷ್ಮೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಹುಮಾನ ಗೆದ್ದಿತ್ತು. ಇಲ್ಲಿನ ಶ್ರೀಮಂತರನ್ನು ಆಸ್ತಿ ನೋಡಿ ‘ನಾಲ್ಕು ಆನೆ, ಎಂಟು ಎತ್ತು, ಎಪ್ಪತ್ತೆರಡು ನಾಯಿ’ ಅಂತ ಜನ ವಿಂಗಡಿಸಿದ್ದರು. ಝಾಂಗ್ ಶಿಮಿಂಗ್ ಎಂಬ ವ್ಯಾಪಾರಿಯ ಮನೆಯ ಹಿಂಭಾಗದಲ್ಲಿ ಯುರೋಪಿನ ಶೈಲಿಯ ನೃತ್ಯದ ಹಾಲ್ ಇದೆ! ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಮುಂದೆ ಚೀನಾ ರೇಷ್ಮೆ ಅಂದರೆ ಮುಖ ಗಂಟಿಕ್ಕುತ್ತಾರೆ. ಆ ಊರಿನ ಕಡೆಯ ನಾನು ಇಲ್ಲಿ ಬಂದು ಬಾಯಿ ಬಿಟ್ಟು ನೋಡಿದೆ.

ನಾನು ಹೋಗುವುದು ಬೈಜಿಯನ್‌ಲೌ ಎಂಬ ಸಾಲುಮನೆಗಳಿಗೆ. ಮಿಂಗ್ ರಾಜವಂಶದ ಕಾಲದಲ್ಲಿ ದೊಡ್ಡ ಅಧಿಕಾರಿಯೊಬ್ಬ ಮನೆಗೆಲಸದವರಿಗಾಗಿ ಕಟ್ಟಿಸಿದ್ದು ಎನ್ನುತ್ತಾರೆ. ಇಲ್ಲಿ ಇನ್ನೂ ಸಂಸಾರಗಳಿವೆ. ಮನೆ ಮುಂದಿಂದ ಕಲ್ಲಿನ ಮೆಟ್ಟಿಲು ನೀರಿಗೆ ಇಳಿಯುತ್ತದೆ. ನಲ್ಲಿ ಬಂದು ಎಷ್ಟೋ ಕಾಲವಾದರೂ ನೆಲ ಒರೆಸುವ ಬಟ್ಟೆ ಜಾಲಿಸುವುದು ಇಲ್ಲೇ. ಒಬ್ಬರು ಕೋಲು ಸಮೇತ ಅದನ್ನು ನೀರಿಗೆ ಅದ್ದಿ ಎರಡು ಸಲ ಕಲ್ಲಿಗೆ ಬಡಿದು, ದಾರಿಯಲ್ಲಿ ಹೋಗುವ ನಮಗೆ ಹನಿ ಸಿಡಿದರೂ ಕೇರ್ ಮಾಡದೆ ಒಳಗೆ ಹೋದರು. ಚಳಿಗಾಲದಲ್ಲಿ ಬಿದಿರು ಗಳುವಿನ ಮೇಲೆ ರಜಾಯಿ, ಕಾಲುಚೀಲ, ಸೋಯಾ ಸಾಸಿನಲ್ಲಿ ನೆನೆಸಿದ ಬಾತುಕೋಳಿ ಮೂರೂ ಒಟ್ಟಿಗೆ ಒಣಗುತ್ತವೆ.

ಟೀ ಅಂಗಡಿಗಳಲ್ಲಿ ಹೊಗೆಕಾಳಿನ ಟೀ ಕೇಳಿ, ಶುನ್‌ದೌ ಛಾ ಅಂತ. ಹೊಗೆಗೆ ಒಣಗಿಸಿದ ಹಸಿರು ಸೋಯಾಕಾಳು, ಎಳ್ಳು, ಕಿತ್ತಳೆ ಸಿಪ್ಪೆ, ಕ್ಯಾರೆಟ್ ಚೂರು, ಜೊತೆಗೆ ನಾಲ್ಕೆಲೆ ಟೀ. ಬಾಯಿಗೆ ಉಪ್ಪುಪ್ಪು. ನೀರು ಕುಡಿದ ಮೇಲೆ ಲೋಟದ ತಳ ತಟ್ಟಿ ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಸಸ್ಯಾಹಾರಿಗಳಿಗೆ ಇದು ವರ, ಏಕೆಂದರೆ ಊಟದ ಕಥೆ ಮೂರೂ ಊರಲ್ಲಿ ಒಂದೇ: ನೂಡಲ್ಸಿನ ಸಾರು ಹಂದಿಯದು, ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು ಹಾಕಿರಬಹುದು. ಕೇಳದೆ ತಿನ್ನಬೇಡಿ.

ತೊಂದರೆಯೂ ಇದೆ. ಇಲ್ಲೂ ದೋಣಿ ಸವಾರಿಗೆ ದುಡ್ಡು ಕೊಡುವುದು ದಂಡ. ಹತ್ತು ಗಂಟೆ ಮೇಲೆ ಸಿಲ್ಕ್ ಬಟ್ಟೆ ಬಾಡಿಗೆಗೆ ತೊಟ್ಟು ಫೋಟೋ ತೆಗೆಸುವ ಹುಡುಗಿಯರ ದಂಡು ಬರುತ್ತದೆ. ಮೊದಲು ಬಸ್ಸಿನಲ್ಲಿ ಸುತ್ತಿ ಬರಬೇಕಿತ್ತು, 2024ರ ಡಿಸೆಂಬರಿನಿಂದ ಶಾಂಘೈ-ಹೂಝೌ ಹೈಸ್ಪೀಡ್ ರೈಲು ನಾನ್‌ಶುನ್‌ನಲ್ಲೇ ನಿಲ್ಲುತ್ತದೆ. ಜನ ಇನ್ನೂ ಜಾಸ್ತಿ ಆಗುತ್ತಾರೆ, ಅಲ್ವಾ?

ಅರ್ಧ ದಿನವೇ ಇರುವುದಾದರೆ ಮೂರನ್ನೂ ಬಿಡಿ, ಶಾಂಘೈ ಮೆಟ್ರೋ 17ನೇ ಲೈನ್ ಹಿಡಿದು ಝೂಜಿಯಾಜಿಯಾವೊ ಎಂಬ ಕಾಲುವೆ ಊರಿಗೆ ಹೋಗಿ, 1571ರಲ್ಲಿ ಮೊದಲು ಕಟ್ಟಿದ ಐದು ಕಮಾನಿನ ಸೇತುವೆ ನೋಡಿ ಬನ್ನಿ. ಸೆಪ್ಟೆಂಬರ್ ಕೊನೆಗೆ ತೋಂಗ್ಲಿ ಎಂಬ ಇನ್ನೊಂದು ಕಾಲುವೆ ಊರು ಚೆನ್ನಾಗಿರುತ್ತದೆ. ಹೆಂಗಸರು ಬೆರಳಿಗೆ ಲೋಹದ ಉಗುರು ಹಾಕಿಕೊಂಡು ಹಸಿ ಮಖಾನ ಬೀಜ ಸುಲಿಯುತ್ತಾ ಕೂತಿರುತ್ತಾರೆ.

ನನ್ನ ಹಾಗೆ ಬೇಗ ಮಲಗಿ ಬೇಗ ಏಳುವವರು, ಟಿಕೆಟ್‌ಗಿಂತ ರೂಮಿಗೆ ದುಡ್ಡು ಹಾಕುವವರು ನಾನ್‌ಶುನ್‌ಗೆ ಹೋಗಿ. ಶುಕ್ರವಾರ ರಾತ್ರಿಯೇ ತಲುಪಿ, ಬೈಜಿಯನ್‌ಲೌಗೆ ನಡೆದು ಹೋಗುವಷ್ಟು ಹತ್ತಿರ ಉಳಿಯಿರಿ, ಶನಿವಾರ ಹನ್ನೊಂದರೊಳಗೆ ಹೊರಟುಬಿಡಿ. ಅಕ್ಟೋಬರ್ 1ರಿಂದ ಶುರುವಾಗುವ ರಜೆ ವಾರದಲ್ಲಿ ಮಾತ್ರ ಇವುಗಳಲ್ಲಿ ಯಾವ ಊರೂ ಬೇಡ.