ಹಯಾಬುಸಾ ಎಂಜಿನ್ ಕಿಟ್ ಕಾರಿಗೆ ಡಿಫರೆನ್ಷಿಯಲ್: 3.14, 3.62, 3.92ರಲ್ಲಿ ಯಾವುದು?

ಸುಜುಕಿ ಹಯಾಬುಸಾ ಬೈಕಿನ ಎಂಜಿನನ್ನು ಕಿಟ್ ಕಾರಿಗೆ (ಬಿಡಿಭಾಗ ಜೋಡಿಸಿ ಕಟ್ಟುವ ಕಾರು) ಕೂರಿಸಿ, ಚೈನ್ ತೆಗೆದು ಪ್ರೊಪೆಲರ್ ಶಾಫ್ಟ್ (ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡ) ಹಾಕಿದರೆ, ಚೈನಿನ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್ ಬದಲಿಸಿ ಅನುಪಾತ ಹೊಂದಿಸುವ ಅನುಕೂಲ ಹೋಯಿತು. ಕಾರಿನ ಗುಣವೆಲ್ಲ ಡಿಫರೆನ್ಷಿಯಲ್ (ಶಾಫ್ಟಿನ ಸುತ್ತನ್ನು ತಗ್ಗಿಸಿ ಎರಡು ಹಿಂಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಕೈಗೆ; 3.14 ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.14 ಸುತ್ತು. ಹಳೆಯ ಫೋರ್ಡ್ ಸಿಯೆರಾ ಕಾರಿನದು ಈ ಮೂರೂ ಅನುಪಾತಗಳಲ್ಲಿ ಬಂದಿದೆ. ಮೊದಲ ತಲೆಮಾರಿನ ಹಯಾಬುಸಾ, 185/60 ಆರ್13 ಟೈರ್ ಹಿಡಿದು ಲೆಕ್ಕ ಹಾಕಿದರೆ, ಆರನೇ ಗೇರಿನಲ್ಲಿ 10,000 ಆರ್‌ಪಿಎಂಗೆ 3.14 ಸುಮಾರು 199 ಕಿ.ಮೀ. ವೇಗ ಕೊಡುತ್ತದೆ, 3.62 ಸುಮಾರು 173, 3.92 ಸುಮಾರು 160.

ಕಾಗದದ ಮೇಲೆ 3.14 ಚೆಂದ. ಹುಬ್ಬಳ್ಳಿಯ ಉಣಕಲ್ ಕಡೆಯ ವಾಹನಸಂದಣಿಯಲ್ಲಿ ಅದರ ಬಣ್ಣ ಬಯಲಾಗುತ್ತದೆ: ಮೊದಲ ಗೇರ್, 3,000 ಆರ್‌ಪಿಎಂ ಅಂದರೆ ಆಗಲೇ 24 ಕಿ.ಮೀ. ಅದಕ್ಕಿಂತ ಬಹಳ ನಿಧಾನ ಹೋಗಲು ಕ್ಲಚ್ ಜಾರಿಸಲೇಬೇಕು. ಬೈಕಿನ ತೂಕಕ್ಕೆ ಮಾಡಿದ, ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಪ್ಲೇಟುಗಳು ಐನೂರು ಕಿಲೋ ಕಾರನ್ನು ಎಳೆದು ಸುಡುತ್ತವೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಮುಗಿದಂತೆ.

3.92ರಲ್ಲಿ ಅದೇ ಲೆಕ್ಕ 19 ಕಿ.ಮೀ.; ಕ್ಲಚ್ಚಿಗೆ ನೆಮ್ಮದಿ. ಹಾವೇರಿ ಹೆದ್ದಾರಿಯಲ್ಲಿ 80ರ ವೇಗಕ್ಕೆ ಮಾತ್ರ 5,000 ಆರ್‌ಪಿಎಂ, ಕಿವಿ ಗುಂಯ್ಗುಡುತ್ತದೆ. ಖಾಸಗಿ ಟ್ರ್ಯಾಕಿಗಷ್ಟೇ ಆದರೆ ಇದೇ ಸರಿ. ಎರಡಕ್ಕೂ ಬೇಕೆಂದರೆ 3.62 ತಗೊಳ್ಳಿ.

ಹಳೆಯ ಡಿಫರೆನ್ಷಿಯಲ್ ಕೊಳ್ಳುವಾಗ ಅದರ ಮೇಲಿನ ಅನುಪಾತದ ಚೀಟಿ ನಂಬಬೇಡಿ. ಲಿಮಿಟೆಡ್ ಸ್ಲಿಪ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗುವುದಕ್ಕೆ ತಡೆ ಒಡ್ಡುವ ಬಗೆ) ಅಲ್ಲದ್ದಾದರೆ, ಪ್ರೊಪೆಲರ್ ಶಾಫ್ಟ್ ಸೇರುವ ಫ್ಲ್ಯಾಂಜಿಗೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಬದಿಯ ಶಾಫ್ಟ್ ಬಿಗಿಹಿಡಿದು ಇನ್ನೊಂದನ್ನು 20 ಸುತ್ತು ತಿರುಗಿಸಿ. ಗೆರೆ 36 ಸುತ್ತು ದಾಟಿದರೆ 3.62, 39 ದಾಟಿದರೆ 3.92.